ಚಳಿಗೆ ಬೀಳದ ಎರಡನೇ ಗೇರ್: ಮಿಶಿಗನ್‌ನಲ್ಲಿ ಒಂದು ರೋಡ್‌ಸ್ಟರ್ ಜೊತೆ ಕೆಲವು ವರ್ಷ

ಕಾರು ಚೆನ್ನಾಗಿದೆ. ಇನ್ನೊಮ್ಮೆ ಕೊಳ್ಳಬೇಕು ಅಂದರೂ ಇದನ್ನೇ ಕೊಳ್ಳುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆದಿರುವುದು ಬಹುಪಾಲು ದೂರಿನ ಹಾಗೇ ಕೇಳಿಸುತ್ತದೆ.

ಜಪಾನಿನ ಎರಡು ಸೀಟಿನ ರೋಡ್‌ಸ್ಟರ್. ಎಂಜಿನ್ ಮುಂದೆ, ಪವರ್ ಹಿಂದಿನ ಚಕ್ರಕ್ಕೆ, ಆರು ಗೇರ್‌ನ ಮ್ಯಾನುಯಲ್, ಮೇಲೆ ಬಟ್ಟೆಯ ಟಾಪ್. ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಹೇಳಹೊರಟಿರುವ ಗುಣ ಒಂದು ಕಂಪನಿಯದ್ದಲ್ಲ, ಮ್ಯಾನುಯಲ್ ಸ್ಪೋರ್ಟ್ಸ್ ಕಾರುಗಳಲ್ಲಿ ಬಹಳಷ್ಟಕ್ಕೆ ಇರುವಂಥದ್ದು. ನಾವಿರುವುದು ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿ. ಗ್ಯಾರೇಜಿಗೆ ಹೀಟರ್ ಇಲ್ಲ. ಅಕ್ಟೋಬರ್ ಕಳೆದರೆ ಬೆಳಗ್ಗೆ ಎರಡು ಮೂರು ಡಿಗ್ರಿ ಇರುತ್ತದೆ, ಜನವರಿಯಲ್ಲಿ ಸೊನ್ನೆಗಿಂತ ಕೆಳಗೇ ವಾಸ.

ಆಗುವುದು ಇಷ್ಟು. ಸ್ಟಾರ್ಟ್ ಮಾಡಿ, ಒಂದನೇ ಗೇರ್ ಹಾಕಿ ಹೊರಡುತ್ತೀರಿ. ರಸ್ತೆಗೆ ಬಂದು ಎರಡಕ್ಕೆ ಎಳೆದರೆ ಲಿವರ್ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಒಳಗೆ ಯಾರೋ ಅಡ್ಡ ಕೈ ಇಟ್ಟಿದ್ದಾರೆ ಅನ್ನಿಸುತ್ತದೆ. ಹಾಗೇ ಒತ್ತಿ ಹಿಡಿದರೆ ಒಂದು ಕ್ಷಣ ಬಿಟ್ಟು 'ಟಕ್' ಅಂತ ಬೀಳುತ್ತದೆ. ಅವಸರ ಮಾಡಿ ನೂಕಿದರೆ 'ಕರ್ರ್' ಅನ್ನುತ್ತದೆ, ಆ ಸದ್ದು ಎದೆಗೇ ನಾಟುತ್ತದೆ. ಮೂರು, ನಾಲ್ಕು ಸ್ವಲ್ಪ ಬಿಗಿ. ಐದು, ಆರಕ್ಕೆ ಏನೂ ತೊಂದರೆ ಇಲ್ಲ. ಹದಿನೈದು ಇಪ್ಪತ್ತು ನಿಮಿಷ ಓಡಿದ ಮೇಲೆ ಅದೇ ಎರಡನೇ ಗೇರ್ ಎರಡು ಬೆರಳಿಗೆ ಬೀಳುತ್ತದೆ. ಆಗ ಇದೇ ಕಾರಾ ಅಂತ ಆಶ್ಚರ್ಯ ಆಗುತ್ತದೆ.

ಸರ್ವೀಸ್ ಸೆಂಟರ್‌ಗೆ ಹೋದರೆ ಏನಾಗುತ್ತದೆ ಅಂತ ನೀವೇ ಊಹಿಸಬಹುದು. ಅಪಾಯಿಂಟ್‌ಮೆಂಟ್ ಸಿಗುವುದು ಮಧ್ಯಾಹ್ನ. ಅಲ್ಲಿಗೆ ಹೋಗುವಷ್ಟರಲ್ಲಿ ಗೇರ್ ಬಾಕ್ಸ್ ಬಿಸಿಯಾಗಿರುತ್ತದೆ. ಅವರು ಒಂದು ಸುತ್ತು ಓಡಿಸಿ, "ಏನೂ ಇಲ್ವಲ್ಲ ಸರ್" ಅನ್ನುವ ಮುಖ ಮಾಡುತ್ತಾರೆ. ಈ ದೂರು ತಗೊಂಡು ಹೋಗುವುದಾದರೆ ಹಿಂದಿನ ರಾತ್ರಿಯೇ ಕಾರು ಅಲ್ಲಿ ಬಿಟ್ಟು, ಬೆಳಗ್ಗೆ ಮೊದಲ ಸ್ಟಾರ್ಟ್ ಮೆಕ್ಯಾನಿಕ್ ಕೈಲೇ ಮಾಡಿಸಿ. ನಾನು ಹಾಗೇ ಮಾಡಿಸಿದೆ. ಬಂದ ಉತ್ತರ "ಈ ಕಾರುಗಳೆಲ್ಲಾ ಹೀಗೇ". ಉತ್ತರ ಸರಿಯೇ. ಆದರೆ ಯಾಕೆ ಹೀಗೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಓದಿ, ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೇರ್ ಬಾಕ್ಸ್ ಒಳಗೆ ಕಾರು ಮುಂದಕ್ಕೆ ಓಡಿಸುವ ಪ್ರತಿ ಗೇರ್‌ಗೂ ಒಂದು ಉಂಗುರ ಇರುತ್ತದೆ, ಸಾಮಾನ್ಯವಾಗಿ ಹಿತ್ತಾಳೆಯದು. ಇದೇ ಸಿಂಕ್ರೋ ರಿಂಗ್. ನೀವು ಲಿವರ್ ಎಳೆದಾಗ ಈ ಉಂಗುರ ಗೇರ್‌ನ ಇಳಿಜಾರು ಕೋನ್ ಮೇಲೆ ಒತ್ತಿ, ಉಜ್ಜಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ವೇಗ ಸಮ ಆಗುವ ತನಕ ಲಿವರ್ ಮುಂದೆ ಹೋಗದ ಹಾಗೆ ತಡೆಯುವುದೂ ಇದೇ ಉಂಗುರ. ಲಿವರ್ ಅಡ್ಡ ನಿಂತಾಗ ನಿಮ್ಮ ಕೈಗೆ ಸಿಗುವುದು ಆ ತಡೆ. ಅಂದರೆ ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ಉಜ್ಜಿ ಹಿಡಿಯಬೇಕಾದರೆ ನಡುವೆ ಇರುವ ಎಣ್ಣೆಯ ಪದರ ಮೊದಲು ಸರಿಯಬೇಕು. ಅದಕ್ಕಾಗಿಯೇ ಉಂಗುರದ ಒಳಮೈಗೆ ಸಣ್ಣ ಸಣ್ಣ ಗೆರೆ ಕೊರೆದಿರುತ್ತಾರೆ. ಬಿಸಿ ಎಣ್ಣೆ ಆ ಗೆರೆಗಳಲ್ಲಿ ಥಟ್ಟನೆ ಜಾರಿಹೋಗುತ್ತದೆ. ಚಳಿಯಲ್ಲಿ ಎಣ್ಣೆ ಆರಿದ ಬೆಲ್ಲದ ಪಾಕದ ಹಾಗಿರುತ್ತದೆ, ಜಾಗ ಬಿಡುವುದಕ್ಕೇ ಹೊತ್ತು ಬೇಕು. ಅಷ್ಟು ಹೊತ್ತೂ ಉಂಗುರ ಹಿಡಿಯುವುದಿಲ್ಲ, ಲಿವರ್ ನಿಂತಲ್ಲೇ ನಿಲ್ಲುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಇನ್ನೂ ಕಷ್ಟ. ಆಗ ಎಂಜಿನ್ ಕಡೆಯಿಂದ ಬರುವ ಶಾಫ್ಟಿನ, ಅಂದರೆ ತಿರುಗುವ ದಂಡದ, ವೇಗ ಏರಬೇಕು, ದಪ್ಪ ಎಣ್ಣೆ ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ.

ಎರಡನೇ ಗೇರೇ ಯಾಕೆ ಅಂತ ಕೇಳಬಹುದು. ನನ್ನ ಕಾರಿನಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗ ಆ ಶಾಫ್ಟಿನ ವೇಗ ಸುಮಾರು 40 ಪರ್ಸೆಂಟ್ ಇಳಿಯಬೇಕು. ಒಂದನೇ ಗೇರ್‌ನಲ್ಲಿ 3,000 ಆರ್‌ಪಿಎಂ ಇದ್ದರೆ ಎರಡರಲ್ಲಿ ಸುಮಾರು 1,800. ಐದರಿಂದ ಆರಕ್ಕೆ ಇಳಿಯಬೇಕಾದದ್ದು ಅದರ ಅರ್ಧದಷ್ಟು. ಇಡೀ ಗೇರ್ ಬಾಕ್ಸಿನಲ್ಲಿ ಎರಡನೇ ಗೇರಿನ ಸಿಂಕ್ರೋಗೇ ಜಾಸ್ತಿ ದುಡಿಮೆ, ಸವೆಯುವುದೂ ಅದೇ ಮೊದಲು. ಫೆರಾರಿಯ ಹಳೆಯ ಮ್ಯಾನುಯಲ್ ಕಾರುಗಳಲ್ಲಿ ಇದು ಜಗಜ್ಜಾಹೀರು. ಎಣ್ಣೆ ಬಿಸಿಯಾಗುವ ತನಕ ಎರಡನ್ನು ಮುಟ್ಟದೆ ಒಂದರಿಂದ ಸೀದಾ ಮೂರಕ್ಕೆ ಹಾಕುವವರಿದ್ದಾರೆ. ಅಷ್ಟು ದುಡ್ಡು ಕೊಟ್ಟವರದೇ ಈ ಕತೆಯಾದರೆ ನಮ್ಮದೇನು ಬಿಡಿ.

ತಮಾಷೆ ಅಂದರೆ, ಈ ಉಂಗುರದ ವ್ಯವಸ್ಥೆ, ಅಂದರೆ ಸಿಂಕ್ರೋಮೆಶ್, ಮಾರಾಟದ ಕಾರಿಗೆ ಮೊದಲು ಬಂದದ್ದು 1928ರಲ್ಲಿ, ಕ್ಯಾಡಿಲಾಕ್‌ನಲ್ಲಿ. ಅಂದರೆ ಇದೇ ಡೆಟ್ರಾಯಿಟ್‌ನಲ್ಲಿ, ಇದೇ ಚಳಿಯಲ್ಲಿ. ಅದಕ್ಕೂ ಮುಂಚೆ ಪ್ರತಿ ಗೇರ್‌ಗೂ ಎರಡು ಸಲ ಕ್ಲಚ್ ಒತ್ತಿ, ಎಂಜಿನ್ ಸದ್ದು ಕೇಳಿಕೊಂಡು ವೇಗ ಹೊಂದಿಸಬೇಕಿತ್ತು.

ಈಗ ಒಂದು ಮುಖ್ಯ ವಿಷಯ. ಚಳಿಯ ಬಿಗಿಯನ್ನೂ ನಿಜವಾದ ರಿಪೇರಿಯನ್ನೂ ಬೇರೆ ಮಾಡಿ ನೋಡಬೇಕು. ಕಾರು ನಿಂತಿರುವಾಗ ಎಂಜಿನ್ ಆಫ್ ಮಾಡಿ ಎಲ್ಲ ಗೇರೂ ಹಾಕಿ ನೋಡಿ. ಸಲೀಸಾಗಿ ಬಿದ್ದರೆ ಲಿವರ್, ಅದನ್ನು ಗೇರ್ ಬಾಕ್ಸಿಗೆ ಜೋಡಿಸುವ ಲಿಂಕೇಜ್ ಸರಿ ಇದೆ. ಎಂಜಿನ್ ಓಡುವಾಗ, ನಿಂತಲ್ಲೇ, ಒಂದನೇ ಗೇರೂ ರಿವರ್ಸೂ ಬೀಳದೆ ಸತಾಯಿಸಿದರೆ ಅನುಮಾನ ಕ್ಲಚ್ ಮೇಲೆ ಹೋಗಬೇಕು. ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಕ್ಲಚ್ಚಿನ ಹೈಡ್ರಾಲಿಕ್ ಲೈನಲ್ಲಿ ಗಾಳಿ ಸೇರಿರಬಹುದು, ಆ ಲೈನಿನ ಕೊನೆಯಲ್ಲಿ ಕ್ಲಚ್ ತಳ್ಳುವ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು. ಬಿಸಿಯಾದ ಮೇಲೂ ಎರಡನೇ ಗೇರ್ ಮಾತ್ರ ಕರ್ರ್ ಅನ್ನುತ್ತಿದ್ದರೆ ಸಿಂಕ್ರೋ ಸವೆದಿದೆ. ಎಣ್ಣೆ ಬದಲಿಸಿದರೆ ಅದು ವಾಸಿಯಾಗುವುದಿಲ್ಲ, ಯಾರು ಏನೇ ಹೇಳಲಿ. ಚಳಿಯಲ್ಲಿ ಮಾತ್ರ ಬಿಗಿ, ಬಿಸಿಯಾದ ಮೇಲೆ ಸರಿ ಅಂದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ರಿವರ್ಸ್ ಮಾತ್ರ ಕರ್ರ್ ಅಂದರೆ ಅದು ಬೇರೆ ಕತೆ. ಬಹಳ ಗೇರ್ ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೋ ಇರುವುದಿಲ್ಲ. ಮೊದಲು ಮುಂದಕ್ಕೆ ಹೋಗುವ ಯಾವುದಾದರೂ ಗೇರ್ ಹಾಕಿ ಆಮೇಲೆ ರಿವರ್ಸ್ ಹಾಕಿ, ಸದ್ದೇ ಬರುವುದಿಲ್ಲ.

ದುಡ್ಡು ಖರ್ಚು ಮಾಡಿದ್ದರಲ್ಲಿ ನಿಜಕ್ಕೂ ಫಲ ಕೊಟ್ಟಿದ್ದು ಗೇರ್ ಆಯಿಲ್ ಒಂದೇ. ಹಳೇ ಎಣ್ಣೆ ತೆಗೆದು 75ಡಬ್ಲ್ಯೂ-90 (ದಪ್ಪದ ನಂಬರ್), ಜಿಎಲ್-4 (ಗೇರ್ ಆಯಿಲ್‌ನ ದರ್ಜೆ), ಪೂರ್ತಿ ಸಿಂಥೆಟಿಕ್ ಹಾಕಿದೆ. ತಡೆ ಪೂರ್ತಿ ಹೋಗಲಿಲ್ಲ. ಆದರೆ ಲಿವರ್ ನಮ್ಮನ್ನು ಕಾಯಿಸುವ ಹೊತ್ತು ಸ್ಪಷ್ಟವಾಗಿ ಕಮ್ಮಿಯಾಯಿತು, ಸೊನ್ನೆಯ ಸುತ್ತಮುತ್ತ ಇರುವ ದಿನಗಳಲ್ಲಂತೂ ಬಹಳ. ಇಲ್ಲಿ ನಂಬರ್ ನೋಡಿ ಕೊಳ್ಳಬೇಕು. ಡಬ್ಲ್ಯೂ ಮುಂದಿನ ಅಂಕಿ ಚಳಿಯ ಲೆಕ್ಕ. 75ಡಬ್ಲ್ಯೂ ಎಣ್ಣೆ ಮೈನಸ್ 40 ಡಿಗ್ರಿಯಲ್ಲಿ ಮೀರಬಾರದ ದಪ್ಪದ ಮಿತಿಯನ್ನು 80ಡಬ್ಲ್ಯೂ ಮೈನಸ್ 26ರಲ್ಲಿ, 85ಡಬ್ಲ್ಯೂ ಮೈನಸ್ 12ರಲ್ಲಿ ಪಾಲಿಸಿದರೆ ಸಾಕು. ಇನ್ನು 90 ಅಂದ ತಕ್ಷಣ ಗಾಬರಿ ಬೇಡ. ಗೇರ್ ಆಯಿಲ್‌ನ ಅಳತೆಪಟ್ಟಿ ಬೇರೆ. ಅದರ 90 ಹೆಚ್ಚುಕಮ್ಮಿ ಎಂಜಿನ್ ಆಯಿಲ್‌ನ 40ರಷ್ಟೇ ದಪ್ಪ.

ಜಿಎಲ್-5 ಇನ್ನೂ ಒಳ್ಳೆಯದು, ನಂಬರ್ ದೊಡ್ಡದಲ್ವಾ ಅನ್ನುವವರಿದ್ದಾರೆ. ಜಿಎಲ್-5 ಮುಖ್ಯವಾಗಿ ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್‌ಗೆ (ಎರಡು ಚಕ್ರಕ್ಕೂ ಪವರ್ ಹಂಚುವ ಗೇರ್ ಜೋಡಣೆಗೆ) ಹೊಂದುವ ಎಣ್ಣೆ. ಅದರಲ್ಲಿ ಗಂಧಕ-ರಂಜಕದ ಅಡಿಟಿವ್ ಜಾಸ್ತಿ. ಅದು ಹಿತ್ತಾಳೆಯ ಸಿಂಕ್ರೋಗೆ ಆಗಿಬರದೇ ಇರಬಹುದು, ಉಂಗುರ ಹಿಡಿಯಬೇಕಾದ ಕಡೆ ಜಾರಿಕೆಯನ್ನೂ ಕೊಡಬಹುದು. ಆದರೆ ಕೆಲವು ಕಂಪನಿಗಳು ಗೇರ್ ಬಾಕ್ಸ್‌ಗೇ ಜಿಎಲ್-5 ಬರೆದಿರುತ್ತವೆ, ಇನ್ನು ಕೆಲವು ತಮ್ಮದೇ ತೆಳು ಎಣ್ಣೆ ಕೇಳುತ್ತವೆ. ಮ್ಯಾನುಯಲ್ ಪುಸ್ತಕದಲ್ಲಿ ಏನಿದೆಯೋ ಅದೇ ವೇದವಾಕ್ಯ.

ನೀವೇ ಬದಲಿಸುವುದಾದರೆ ಒಂದು ಮಾತು. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚುವ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿಕೊಳ್ಳಿ. ಇರುವ ಎಣ್ಣೆ ಎಲ್ಲ ಸುರಿದ ಮೇಲೆ ಫಿಲ್ಲರ್ ಬಿಚ್ಚಿಕೊಳ್ಳದಿದ್ದರೆ ಕಾರು ಅಲ್ಲೇ ಕೂತಿರುತ್ತದೆ. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್ ಅಂಟಿರುತ್ತದೆ, ಅದು ಮಾಮೂಲು. ಬೆರಳಿಗೆ ಸಿಗುವಷ್ಟು ಚೂರು ಇದ್ದರೆ ಒಳಗಿನ ಉಕ್ಕಿನ ಭಾಗ ಮುರಿದಿರಬಹುದು, ಎಣ್ಣೆಯಲ್ಲಿ ಹಳದಿ ಮಿನುಗು ಧಾರಾಳವಾಗಿ ಕಂಡರೆ ಸಿಂಕ್ರೋ ಸವೆಯುತ್ತಿದೆ ಅಂತ ಲೆಕ್ಕ. ನನ್ನದರಲ್ಲಿ ಪೇಸ್ಟ್ ಮಾತ್ರ ಇತ್ತು. ವಾಸನೆಯ ಬಗ್ಗೆ ಹೇಳಲೇಬೇಕು, ಕೊಳೆತ ಮೊಟ್ಟೆಯದ್ದೇ. ಎರಡು ದಿನ ಕೈ ತೊಳೆದರೂ ಹೋಗಲಿಲ್ಲ. ಆ ಬಟ್ಟೆಯನ್ನು ನನ್ನ ಹೆಂಡತಿ ವಾಷಿಂಗ್ ಮಷಿನ್ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ.

ಶಾರ್ಟ್ ಶಿಫ್ಟರ್, ಅಂದರೆ ಓಡಾಟ ಕಮ್ಮಿ ಇರುವ ಗೇರ್ ಲಿವರ್, ಹಾಕಿಸಿ ಅಂತ ಸಲಹೆ ಕೊಡುವವರ ಮಾತು ಕೇಳಬೇಡಿ, ಚಳಿ ಊರಿನಲ್ಲಂತೂ ಬೇಡ. ಲಿವರ್ ಓಡಾಟ ಕಮ್ಮಿಯಾದಷ್ಟೂ ಕೈಗೆ ಬಲ ಜಾಸ್ತಿ ಬೇಕು, ಸನ್ನೆಕೋಲಿನ ಲೆಕ್ಕ ಅಷ್ಟೇ. ಬಿಸಿಯಿದ್ದಾಗ ಚಂದ, ತಣ್ಣಗಿದ್ದಾಗ ಶಿಕ್ಷೆ. ಭಾರದ ಲೋಹದ ನಾಬ್ ಸ್ವಲ್ಪ ಸಹಾಯ ಮಾಡುತ್ತದೆ, ಅದರ ತೂಕವೇ ಲಿವರನ್ನು ತಳ್ಳಿಕೊಂಡು ಹೋಗುತ್ತದೆ. ಆದರೆ ಜನವರಿಯಲ್ಲಿ ಅದನ್ನು ಬರಿಗೈಲಿ ಮುಟ್ಟಿ ನೋಡಿ ಗೊತ್ತಾಗುತ್ತೆ. ಜುಲೈ ಬಿಸಿಲಿಗೆ ಟಾಪ್ ತೆಗೆದು ನಿಲ್ಲಿಸಿದರೆ ಅದೇ ನಾಬ್ ಕೈ ಸುಡುತ್ತದೆ. ಚರ್ಮ ಸುತ್ತಿದ್ದನ್ನು ತಗೊಳ್ಳಿ.

ಓಡಿಸುವ ರೀತಿ ಬದಲಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಸ್ಟಾರ್ಟ್ ಆದ ಮೇಲೆ ನ್ಯೂಟ್ರಲ್‌ನಲ್ಲಿ ಕ್ಲಚ್ ಮೆಲ್ಲಗೆ ಬಿಡುತ್ತೇನೆ. ತುಂಬಾ ಚಳಿ ಇರುವ ದಿನ ಆ ಹೊತ್ತಿಗೆ ಆರ್‌ಪಿಎಂ ಮುಳ್ಳು ಒಂದಿಷ್ಟು ಕೆಳಗೆ ಬಾಗುತ್ತದೆ. ಗೇರ್ ಬಾಕ್ಸಿನ ದಪ್ಪ ಎಣ್ಣೆಯನ್ನು ಎಂಜಿನ್ ಈಗ ಕಡೆಯಬೇಕಾಗಿ ಬಂತು ಅಂತ ಅಲ್ಲೇ ಗೊತ್ತಾಗುತ್ತದೆ. ಒಂದೆರಡು ನಿಮಿಷ ಹಾಗೆ ಬಿಟ್ಟರೆ ಒಳಗೆ ಎಣ್ಣೆ ಓಡಾಡುತ್ತದೆ. ಅದಕ್ಕಿಂತ ಜಾಸ್ತಿ ನಿಲ್ಲಿಸಿಕೊಂಡು ಪೆಟ್ರೋಲ್ ಸುಡುವುದರಲ್ಲಿ ಅರ್ಥ ಇಲ್ಲ. ಎಂಜಿನ್ ಒಳಗೆ ಬೆಂಕಿ ಇದೆ, ಗೇರ್ ಬಾಕ್ಸ್ ಒಳಗೆ ಇಲ್ಲ. ಅದು ಬಿಸಿಯಾಗುವುದು ಗೇರ್‌ಗಳ ಮೇಲೆ ಭಾರ ಬಿದ್ದು ಎಣ್ಣೆ ಕಡೆದಾಗ, ಅಂದರೆ ಓಡಿದಾಗ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನಡುವಿಗೆ ಬಂದರೂ ಅದು ಹೇಳುವುದು ಎಂಜಿನ್ ಕೂಲಂಟ್ ಕತೆ. ಗೇರ್ ಬಾಕ್ಸ್ ಇನ್ನೂ ಹಾಸಿಗೆಯಿಂದ ಎದ್ದಿರುವುದಿಲ್ಲ.

ಹೊರಟ ಮೇಲೆ ಮೊದಲ ಒಂದೆರಡು ಮೈಲಿ ಒಂದನೇ ಗೇರನ್ನು 2,000, 2,500ಕ್ಕಿಂತ ಮೇಲೆ ಎಳೆಯುವುದಿಲ್ಲ. ವೇಗದ ಅಂತರ ಕಮ್ಮಿ ಇದ್ದರೆ ಸಿಂಕ್ರೋಗೂ ಕೆಲಸ ಕಮ್ಮಿ. ನ್ಯೂಟ್ರಲ್‌ನಲ್ಲಿ ಒಂದು ಉಸಿರು ತಡೆದು, ಎರಡರ ಬಾಯಿಗೆ ಲಿವರ್ ಆನಿಸಿ, ಒಂದೇ ಸಮ ಒತ್ತಿ ಹಿಡಿಯುತ್ತೇನೆ. ಗುದ್ದುವುದಿಲ್ಲ. ಅದಾಗಿ ಅದೇ ಒಳಗೆ ಹೋಗುತ್ತದೆ. ಇಳಿಸುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಸಣ್ಣಗೆ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಿದರೆ ಬೆಣ್ಣೆ. ಹಿಂದೆ ಬರುವವನು ಹಾರ್ನ್ ಮಾಡಿದರೆ ಮಾಡಲಿ.

ಉಳಿದ ಕಾರಿನ ಬಗ್ಗೆ ಚುಟುಕಾಗಿ. ಡಿಕ್ಕಿಯಲ್ಲಿ ಇಂಡಿಯನ್ ಸ್ಟೋರ್‌ನ 20 ಪೌಂಡ್ ಸೋನಾ ಮಸೂರಿ ಚೀಲ ಇಟ್ಟರೆ ಪಕ್ಕದಲ್ಲಿ ತರಕಾರಿಗೆ ಜಾಗ ಉಳಿಯುತ್ತದೆ, ಅಷ್ಟೇ. ಹೈವೇಯಲ್ಲಿ ಸದ್ದು ಜಾಸ್ತಿ. ಬೇಸಿಗೆ ಟೈರ್ ಏಳು ಡಿಗ್ರಿಗಿಂತ ಕೆಳಗೆ ಹಿಡಿತ ಕಳೆದುಕೊಳ್ಳುತ್ತದೆ, ಆದ್ದರಿಂದ ಚಳಿಗಾಲಕ್ಕೆ ಬೇರೆ ಸೆಟ್ ಬೇಕೇ ಬೇಕು. ಹಿಮ ಬಿದ್ದು ರಸ್ತೆಗೆ ಉಪ್ಪು ಹಾಕಿದ ದಿನ ಕಾರು ಹೊರಗೆ ತೆಗೆಯುವುದಿಲ್ಲ. ಡೆಟ್ರಾಯಿಟ್ ಊರಿನ ಅಡಿಯಲ್ಲೇ ಸಾವಿರ ಅಡಿಗೂ ಜಾಸ್ತಿ ಆಳದಲ್ಲಿ ಉಪ್ಪಿನ ಗಣಿ ಇದೆ, ಇಲ್ಲಿಯವರು ಉಪ್ಪು ಸುರಿಯಲು ಹಿಂದೆ ಮುಂದೆ ನೋಡುವುದಿಲ್ಲ. ಅದೇ ಮೇ ತಿಂಗಳಲ್ಲಿ ಟಾಪ್ ತೆಗೆದು ಹೈನ್ಸ್ ಡ್ರೈವ್‌ನಲ್ಲಿ ಹೊಳೆ ಪಕ್ಕ ಹೋದರೆ, ಎರಡು-ಮೂರು-ಎರಡು ಅಂತ ಸುಮ್ನೆ ಗೇರ್ ಆಡಿಸುತ್ತಾ ಇರೋಣ ಅನ್ನಿಸುತ್ತದೆ.

ಬೆಂಗಳೂರಲ್ಲಿರುವ ಚಿಕ್ಕಪ್ಪನ ಮಗ ಇದನ್ನೆಲ್ಲ ಕೇಳಿ, "ಅಣ್ಣಾ, ಅಷ್ಟು ದುಡ್ಡು ಕೊಟ್ಟು ಗೇರ್ ಬೀಳದ ಕಾರ್ ತಗೊಂಡ್ಯಾ?" ಅಂದ. ಅವನ ಹ್ಯಾಚ್‌ಬ್ಯಾಕಿಗೆ ಈ ಕಷ್ಟ ಇಲ್ಲ ನಿಜ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ 15 ಡಿಗ್ರಿ ಸುತ್ತ ಇರುತ್ತದೆ, 80ಡಬ್ಲ್ಯೂ-90 ಎಣ್ಣೆಗೆ ಅದೇನು ಚಳಿಯೇ ಅಲ್ಲ. ಅಲ್ಲಿ ಬೆಳಗ್ಗೆ ಗೇರ್ ತೀರಾ ಬಿಗಿ ಬಂದರೆ ಹವಾಮಾನದ ಮೇಲೆ ಹಾಕದೆ ಕ್ಲಚ್ ತೋರಿಸಿ.

ಇಂಥ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದೇ ಮಾತು. ನೋಡಲು ಹೋಗುವ ದಿನ ಬೆಳಗ್ಗೆಯೇ ಹೋಗಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಫೋನಲ್ಲಿ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮಾರುವವರು ಆಗಲೇ ಒಂದು ಸುತ್ತು ಹೋಗಿ ಬಂದಿದ್ದಾರೆ. ಆಗ ಬೆಲೆ ಮಾತಾಡದೆ, ಮರುದಿನ ಬೆಳಗ್ಗೆ ಬರುತ್ತೇವೆ ಅಂತ ಹೇಳಿ ಹೊರಡಿ.