ಟೆರಾಫಾರ್ಮ್ ಮತ್ತು ಎಸಿಎಂ: ಸರ್ಟಿಫಿಕೇಟ್‌ಗಳನ್ನು ಕೋಡ್‌ನಲ್ಲಿ ಬರೆದಿಟ್ಟು ನಾಲ್ಕು ವರ್ಷ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದು ಮೂರು ಜನರ ಆಫೀಸು. ಉದ್ಯಮಬಾಗದ ಫೌಂಡ್ರಿಗಳು, ಇಳಕಲ್ಲಿನ ಒಂದು ಸೀರೆ ಅಂಗಡಿ, ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿ, ಒಂದೆರಡು ಪತ್ತಿನ ಸಂಘ, ಇಂಥವರಿಗೆ ವೆಬ್‌ಸೈಟ್ ಮಾಡಿಕೊಟ್ಟು ನೋಡಿಕೊಳ್ಳುತ್ತೇವೆ. ಮೂವತ್ತರ ಆಸುಪಾಸು ಡೊಮೇನ್‌ಗಳಿವೆ. ಅವುಗಳಲ್ಲಿ ಹೆಚ್ಚಿನವುಗಳ ಸರ್ಟಿಫಿಕೇಟ್‌ಗಳು (ಸೈಟ್ ಅಸಲಿ, ಸಂಪರ್ಕ ಸುರಕ್ಷಿತ ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ದಾಖಲೆಗಳು) ಈಗ ನಾಲ್ಕು ವರ್ಷದಿಂದ ಅಮೆಜಾನ್‌ನ ಸರ್ಟಿಫಿಕೇಟ್ ಮ್ಯಾನೇಜರ್‌ನಲ್ಲಿ, ಅಂದರೆ ಎಸಿಎಂನಲ್ಲಿವೆ. ಅಲ್ಲಿ ನಾವು ಕೈಯಿಂದ ಏನನ್ನೂ ಕ್ಲಿಕ್ ಮಾಡುವುದಿಲ್ಲ. ಎಲ್ಲವೂ ಟೆರಾಫಾರ್ಮ್ ಕೋಡ್‌ನಲ್ಲಿದೆ. ಟೆರಾಫಾರ್ಮ್ ಅಂದರೆ ಕ್ಲೌಡ್‌ನಲ್ಲಿ ಏನೇನು ಇರಬೇಕು ಅಂತ ಬರೆದಿಟ್ಟರೆ ಹಾಗೆಯೇ ಮಾಡಿಕೊಡುವ ಸಾಧನ.

ಇದಕ್ಕೆ ಬಂದದ್ದು 2021ರ ದೀಪಾವಳಿಗೆ ನಾಲ್ಕು ದಿನ ಮೊದಲು. ಬೆಳಗ್ಗೆ ಆರೂವರೆಗೆ ಸೀರೆ ಅಂಗಡಿಯವರ ಫೋನ್ ಬಂತು. "ಸರ, ನಮ್ಮ ಸೈಟ್ ತೆಗದ್ರ ನಿಮ್ಮ ಮಾಹಿತಿ ಯಾರರ ಕದೀಬಹುದು ಅಂತ ಕೆಂಪ ಅಕ್ಷರದಾಗ ಬರಾಕತ್ತೈತಿ. ಪುಣೆದ ಗಿರಾಕಿ ಫೋಟೋ ಹೊಡದು ಕಳಿಸ್ಯಾರ. ನಾವೇನ್ ಕಳ್ಳರೇನ್ರಿ?" ಅಂದರು. ಮೂರು ತಲೆಮಾರಿನ ಅಂಗಡಿ ಅದು. ರಾತ್ರಿ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿತ್ತು. ನೆನಪಿಸುವ ಮೇಲ್ ಬಂದಿತ್ತು, ಆದರೆ ಕೆಲಸ ಬಿಟ್ಟು ಹೋದ ನಮ್ಮ ಹಳೆಯ ಹುಡುಗನ ಇನ್‌ಬಾಕ್ಸ್‌ಗೆ. ತಪ್ಪು ಪೂರ್ತಿ ನನ್ನದೇ. ಹೊಸ ಸರ್ಟಿಫಿಕೇಟ್ ತಂದು ಹಾಕುವಷ್ಟರಲ್ಲಿ ಮಧ್ಯಾಹ್ನ ಆಯಿತು. ಆ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಎಸಿಎಂ ಮಾಡುವ ಕೆಲಸ ಸರಳ. ಡೊಮೇನ್ ನಿಮ್ಮದೇ ಅಂತ ಸಾಬೀತು ಮಾಡಲು ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರುಗಳ ವಿಳಾಸ ಪುಸ್ತಕ) ಒಂದು ಸಿನೇಮ್ ರೆಕಾರ್ಡ್, ಅಂದರೆ ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ತೋರಿಸುವ ನಮೂದು, ಹಾಕಿ ಅನ್ನುತ್ತದೆ. ಹಾಕಿದರೆ ಸರ್ಟಿಫಿಕೇಟ್ ಕೊಡುತ್ತದೆ. ಆ ರೆಕಾರ್ಡ್ ಇರುವವರೆಗೆ, ಸರ್ಟಿಫಿಕೇಟ್ ಎಲ್ಲಾದರೂ ಬಳಕೆಯಲ್ಲಿರುವವರೆಗೆ, ತಾನೇ ರಿನ್ಯೂ ಮಾಡಿಕೊಳ್ಳುತ್ತದೆ. ಸುಮ್ನೆ ಮಾಡಿಟ್ಟು ಎಲ್ಲಿಯೂ ಜೋಡಿಸದೆ ಬಿಟ್ಟ ಸರ್ಟಿಫಿಕೇಟ್ ರಿನ್ಯೂ ಆಗುವುದಿಲ್ಲ, ಇದು ಗೊತ್ತಿರಲಿ. ಹೊರಗಿಂದ ತಂದು ಇಂಪೋರ್ಟ್ ಮಾಡಿದ್ದೂ ಅಷ್ಟೇ.

ಟೆರಾಫಾರ್ಮ್‌ನಲ್ಲಿ ಇದಕ್ಕೆ ಮೂರು ತುಂಡು ಬೇಕು. ಸರ್ಟಿಫಿಕೇಟ್ ಕೇಳುವುದು ಒಂದು. ಅದು ಹೇಳಿದ ಸಿನೇಮ್ ಅನ್ನು ಅಮೆಜಾನ್‌ನ ಡಿಎನ್‌ಎಸ್ ಸೇವೆಯಾದ ರೂಟ್ 53ರಲ್ಲಿ ಬರೆಯುವುದು ಇನ್ನೊಂದು. ಎಲ್ಲ ಒಪ್ಪಿಗೆಯಾಗುವವರೆಗೆ ಕಾಯುವುದು ಮೂರನೆಯದು. ಮೂರನೆಯದು ಹೊರಗೆ ಏನನ್ನೂ ಹುಟ್ಟಿಸುವುದಿಲ್ಲ, ಬರೀ ಕಾಯುತ್ತದೆ. ಅದಕ್ಕೆ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅದು ಇಲ್ಲದಿದ್ದರೆ ಇನ್ನೂ ಒಪ್ಪಿಗೆಯಾಗದ ಸರ್ಟಿಫಿಕೇಟ್ ಅನ್ನು ಲೋಡ್ ಬ್ಯಾಲೆನ್ಸರ್‌ಗೆ (ಸೈಟ್‌ಗೆ ಬರುವವರನ್ನು ಸರ್ವರ್‌ಗಳಿಗೆ ಹಂಚುವ ಸೇವೆ) ಜೋಡಿಸಲು ಹೋಗಿ ಎರರ್ ಬರುತ್ತದೆ. ಹಳೆಯ ಟ್ಯುಟೋರಿಯಲ್ ನೋಡಿ ಬರೆಯುವವರಿಗೆ ಇನ್ನೊಂದು ಮಾತು: 2020ರಲ್ಲಿ ಬಂದ ಎಡಬ್ಲ್ಯುಎಸ್ ಪ್ರೊವೈಡರ್ (ಟೆರಾಫಾರ್ಮ್ ಅನ್ನು ಅಮೆಜಾನ್ ಕ್ಲೌಡ್ ಆದ ಎಡಬ್ಲ್ಯುಎಸ್‌ಗೆ ಜೋಡಿಸುವ ಭಾಗ) 3ನೇ ಆವೃತ್ತಿಯ ನಂತರ ರೆಕಾರ್ಡ್‌ಗಳನ್ನು 0, 1 ಅಂತ ಎಣಿಸಿ ತೆಗೆದುಕೊಳ್ಳಲು ಬರುವುದಿಲ್ಲ, ಪ್ರತಿಯೊಂದನ್ನೂ ಹೆಸರಿನಿಂದ ತೆಗೆದುಕೊಳ್ಳುವ ಫಾರ್ ಈಚ್ ಬಳಸಬೇಕು.

ಆ ಸಿನೇಮ್ ರೆಕಾರ್ಡ್ ಬಗ್ಗೆ ಜಾಸ್ತಿ ಹೇಳಬೇಕು. ಎಲ್ಲ ನಿಂತಿರುವುದು ಅದರ ಮೇಲೆ.

ನೋಡಲು ಅದು ಚೆನ್ನಾಗಿರುವುದಿಲ್ಲ. ಅಂಡರ್‌ಸ್ಕೋರ್‌ನಿಂದ ಶುರು, ಆಮೇಲೆ ಅರ್ಥವಿಲ್ಲದ ಅಕ್ಷರ, ಅಂಕೆಗಳ ಉದ್ದ ಸಾಲು. ಒಂದು ಫೌಂಡ್ರಿಯವರು ತಮ್ಮ ಡಿಎನ್‌ಎಸ್ ಅನ್ನು ಹಳೆಯ ಕಡೆಯೇ ಇಟ್ಟುಕೊಂಡಿದ್ದರು, ಮೇಲ್ ಸೆಟ್ಟಿಂಗ್ ಕೆಡಬಾರದು ಅಂತ. ಹಾಗಾಗಿ ರೆಕಾರ್ಡ್ ಅನ್ನು ನಾನೇ ಅವರ ಡೊಮೇನ್ ಪ್ಯಾನೆಲ್‌ನಲ್ಲಿ ಕೈಯಿಂದ ಹಾಕಬೇಕಾಯಿತು. ಎಸಿಎಂ ಕೊಟ್ಟ ಹೆಸರನ್ನು ಇದ್ದ ಹಾಗೆ ಪೇಸ್ಟ್ ಮಾಡಿದೆ. ಟೆರಾಫಾರ್ಮ್ ಕಾಯತೊಡಗಿತು. ಸ್ಟಿಲ್ ಕ್ರಿಯೇಟಿಂಗ್, 10 ನಿಮಿಷ. ಸ್ಟಿಲ್ ಕ್ರಿಯೇಟಿಂಗ್, 20 ನಿಮಿಷ. ಡಿಎನ್‌ಎಸ್‌ನಲ್ಲಿ ಏನಿದೆ ಅಂತ ತೋರಿಸುವ ಡಿಗ್ ಕಮಾಂಡ್ ಹಾಕಿ ನೋಡಿದಾಗ ವಿಷಯ ಸಿಕ್ಕಿತು. ಆ ಪ್ಯಾನೆಲ್ ಹೆಸರಿನ ಕೊನೆಗೆ ತಾನಾಗಿಯೇ ಡೊಮೇನ್ ಸೇರಿಸುತ್ತಿತ್ತು. ನಾನು ಪೂರ್ತಿ ಹೆಸರು ಹಾಕಿದ್ದರಿಂದ ಡೊಮೇನ್ ಎರಡು ಸಲ ಬಂದಿತ್ತು. ಕೊನೆಯ ಭಾಗ ಅಳಿಸಿದ ಮೇಲೆ ಸ್ವಲ್ಪ ಹೊತ್ತಿಗೆ ಸರ್ಟಿಫಿಕೇಟ್ ಬಂತು. ಎಸಿಎಂ 72 ಗಂಟೆ ಕಾಯುತ್ತದೆ, ಅದರೊಳಗೆ ಆಗದಿದ್ದರೆ ಮತ್ತೆ ಮೊದಲಿಂದ ಕೇಳಬೇಕು.

ಎರಡನೆಯ ಘಟನೆಗಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿರುವುದು. ನಮ್ಮಲ್ಲಿ ದಿನಾ ಬೆಳಗಿನ ಜಾವ ಎಲ್ಲ ಗ್ರಾಹಕರ ಕೋಡ್ ಮೇಲೆ ಟೆರಾಫಾರ್ಮ್ ಪ್ಲಾನ್, ಅಂದರೆ ಏನೂ ಬದಲಿಸದೆ ಏನೇನು ಬದಲಿಸಬೇಕಾಗಿದೆ ಅಂತ ತೋರಿಸುವ ಕಮಾಂಡ್, ತಾನಾಗಿ ಓಡುತ್ತದೆ. ಅದಕ್ಕೊಂದು ಆಯ್ಕೆ ಇದೆ: ಕೋಡ್‌ಗೂ ಕ್ಲೌಡ್‌ಗೂ ವ್ಯತ್ಯಾಸ ಇದ್ದರೆ ಎಕ್ಸಿಟ್ ಕೋಡ್ 2 ಬರುತ್ತದೆ. ಬಂದರೆ ನಮ್ಮ ಮೊಬೈಲಿಗೆ ಮೆಸೇಜ್. ಒಂದು ದಿನ ಒಣದ್ರಾಕ್ಷಿ ವ್ಯಾಪಾರಿಯ ಹೆಸರಲ್ಲಿ ಮೆಸೇಜ್ ಬಂತು. ಪ್ಲಾನ್: 1 ಟು ಆ್ಯಡ್, 0 ಟು ಚೇಂಜ್, 0 ಟು ಡೆಸ್ಟ್ರಾಯ್. ನಾವು ಏನೂ ಸೇರಿಸಿರಲಿಲ್ಲ. ಮೇಲೆ ಓದಿದರೆ ಆ ಒಂದು ಅಂದರೆ ಅಂಡರ್‌ಸ್ಕೋರ್ ಸಿನೇಮ್. ಯಾರೋ ಅಳಿಸಿದ್ದಾರೆ, ಅದನ್ನು ಮತ್ತೆ ಹಾಕುತ್ತೇನೆ ಅನ್ನುತ್ತಿದೆ.

ಫೋನ್ ಮಾಡಿದೆ. ಅವರ ತಮ್ಮನ ಮಗ ಇಂಜಿನಿಯರಿಂಗ್ ಓದುತ್ತಾನೆ, ಅಕೌಂಟ್ ಅವರದೇ, ಲಾಗಿನ್ ಅವನ ಹತ್ತಿರವೂ ಇತ್ತು. "ಅಣ್ಣಾರ, ಅದರ ಹೆಸರ ನೋಡಿದ್ರ ವೈರಸ್ ಇದ್ದಂಗ ಕಾಣತಿತ್ತು. ಅದಕ್ಕ ತಗದೆ" ಅಂದ. ಹುಡುಗನ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ರೂಟ್ 53ರಲ್ಲಿ ಒಂದೊಂದು ರೆಕಾರ್ಡ್ ಪಕ್ಕ ಇದು ಯಾಕಿದೆ ಅಂತ ಬರೆಯಲು ಜಾಗವಿಲ್ಲ. ಅವನಿಗೆ ಹೇಗೆ ಗೊತ್ತಾಗಬೇಕು?

ಆಗ ಆ ಸರ್ಟಿಫಿಕೇಟ್ ಮುಗಿಯಲು ಇನ್ನೂ ಮೂರು ತಿಂಗಳಿತ್ತು. 60 ದಿನ ಇರುವಾಗ ಎಸಿಎಂ ರಿನ್ಯೂ ಮಾಡಲು ಹೋಗುತ್ತಿತ್ತು, ಆಗುತ್ತಿರಲಿಲ್ಲ. ಅಲ್ಲಿಯವರೆಗೆ ಸೈಟ್ ಚೆನ್ನಾಗಿಯೇ ಓಡುತ್ತಿತ್ತು. ಎಚ್ಚರಿಕೆಯ ಮೇಲ್‌ಗಳು ಅವರು ಯಾವಾಗಲೋ ಒಮ್ಮೆ ತೆರೆಯುವ ವಿಳಾಸಕ್ಕೆ ಹೋಗುತ್ತಿದ್ದವು. ಕೊನೆಗೆ ಅದೇ ಆರೂವರೆಯ ಫೋನ್, ಅಲ್ವಾ? ಅದನ್ನು ತಪ್ಪಿಸಿದ್ದು ಕೋಡ್‌ನಲ್ಲಿದ್ದ ಐದಾರು ಸಾಲು. ಅಪ್ಲೈ ಹೊಡೆದೆ, ರೆಕಾರ್ಡ್ ವಾಪಸ್ ಬಂತು. ಅವತ್ತೇ ಎಲ್ಲ ಗ್ರಾಹಕರ ಫೈಲ್‌ನಲ್ಲಿ ಆ ತುಂಡಿನ ಮೇಲೆ ಕನ್ನಡದಲ್ಲೇ ಕಾಮೆಂಟ್ ಹಾಕಿದೆ: "ಇದನ್ನು ತೆಗೆಯಬೇಡಿ. ಸರ್ಟಿಫಿಕೇಟ್ ರಿನ್ಯೂ ಆಗುವುದು ಇದರಿಂದ." ಟೆರಾಫಾರ್ಮ್ ಕನ್ನಡ ಕಾಮೆಂಟ್‌ಗೆ ಏನೂ ತಕರಾರು ಮಾಡುವುದಿಲ್ಲ.

ನೆನಪಿಡಿ, ಫೌಂಡ್ರಿಯ ಹಾಗೆ ಡಿಎನ್‌ಎಸ್ ಹೊರಗಿದ್ದರೆ ಈ ಕಾವಲು ಸಿಗುವುದಿಲ್ಲ. ಕೋಡ್‌ನಲ್ಲಿ ಇಲ್ಲದ್ದನ್ನು ಪ್ಲಾನ್ ನೋಡುವುದಿಲ್ಲ. ಅಂಥವರಿಗೆ ಅಮೆಜಾನ್‌ನ ನಿಗಾ ಸೇವೆಯಾದ ಕ್ಲೌಡ್‌ವಾಚ್‌ನಲ್ಲಿ ಇನ್ನೆಷ್ಟು ದಿನ ಉಳಿದಿದೆ ಅನ್ನುವ ಲೆಕ್ಕ ಸಿಗುತ್ತದೆ, ಅದಕ್ಕೆ ಅಲಾರಂ ಇಟ್ಟಿದ್ದೇನೆ.

ಕೈಸುಟ್ಟುಕೊಂಡ ಇನ್ನೆರಡು ಸಂಗತಿ. ಸೀರೆ ಅಂಗಡಿಗೆ ಆರ್ಡರ್ ಅನ್ನುವ ಹೊಸ ಸಬ್‌ಡೊಮೇನ್ ಸೇರಿಸಿದೆ. ಇರುವ ಸರ್ಟಿಫಿಕೇಟ್‌ಗೆ ಹೆಸರು ಸೇರಿಸಲು ಬರುವುದಿಲ್ಲ, ಹೊಸದೇ ಬೇಕು. ಟೆರಾಫಾರ್ಮ್ ತನ್ನ ರೂಢಿಯಂತೆ ಮೊದಲು ಹಳೆಯದನ್ನು ಅಳಿಸಲು ಹೋಯಿತು. ಅದು ಲೋಡ್ ಬ್ಯಾಲೆನ್ಸರ್‌ನಲ್ಲಿ ಬಳಕೆಯಲ್ಲಿತ್ತು, ಎಡಬ್ಲ್ಯುಎಸ್ ಅಳಿಸಲು ಬಿಡಲಿಲ್ಲ. ಸೈಟ್‌ಗೆ ಏನೂ ಆಗಲಿಲ್ಲ, ಆದರೆ ಕೆಲಸ ಅರ್ಧಕ್ಕೆ ನಿಂತಿತು. ಲೈಫ್‌ಸೈಕಲ್‌ನಲ್ಲಿ ಕ್ರಿಯೇಟ್ ಬಿಫೋರ್ ಡೆಸ್ಟ್ರಾಯ್ ಅಂತ ಒಂದು ಸಾಲು ಹಾಕಿದ್ದರೆ ಹೊಸದು ಬಂದ ಮೇಲೆ ಹಳೆಯದು ಹೋಗುತ್ತಿತ್ತು. ಇದನ್ನು ಮೊದಲ ದಿನವೇ ಹಾಕಿ. ಸ್ಟಾರ್ ಹಾಕಿದ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ತೆಗೆದುಕೊಂಡರೆ ಈ ತಲೆನೋವು ಕಡಿಮೆ, ಆದರೆ ಅದು ಒಂದೇ ಹಂತದ ಹೆಸರುಗಳಿಗೆ ಹೊಂದುತ್ತದೆ.

ಇನ್ನೊಂದು ಕ್ಲೌಡ್‌ಫ್ರಂಟ್‌ನದು, ಅಂದರೆ ಸೈಟ್ ಅನ್ನು ನೋಡುವವರ ಹತ್ತಿರದ ಜಾಗದಿಂದ ಕೊಡುವ ಅಮೆಜಾನ್ ಸೇವೆಯದು. ನಮ್ಮ ಸರ್ವರ್‌ಗಳೆಲ್ಲ ಮುಂಬೈ ರೀಜನ್‌ನಲ್ಲಿವೆ, ಸರ್ಟಿಫಿಕೇಟ್ ಅನ್ನೂ ಅಲ್ಲೇ ಮಾಡಿದೆ. ಕ್ಲೌಡ್‌ಫ್ರಂಟ್‌ಗೆ ಬೇಕಾದ ಸರ್ಟಿಫಿಕೇಟ್ ಮಾತ್ರ ವರ್ಜೀನಿಯಾ ರೀಜನ್‌ನಲ್ಲೇ, ಅಂದರೆ ಯುಎಸ್ ಈಸ್ಟ್ 1ರಲ್ಲೇ ಇರಬೇಕು. ಕೋಡ್‌ನಲ್ಲಿ ವರ್ಜೀನಿಯಾಗಾಗಿ ಎರಡನೆಯ ಪ್ರೊವೈಡರ್ ಬರೆದು ಅದಕ್ಕೆ ಏಲಿಯಾಸ್ (ಬೇರೆ ಹೆಸರು) ಕೊಟ್ಟು ಸರಿ ಮಾಡಿದೆ.

ನನಗೆ ಬಹಳ ನೆಮ್ಮದಿ ಕೊಟ್ಟದ್ದು ಪ್ರೈವೇಟ್ ಕೀ, ಅಂದರೆ ಸರ್ಟಿಫಿಕೇಟ್‌ನ ಜೊತೆಗಿರುವ ಗುಟ್ಟಿನ ಕೀಲಿಯ ವಿಷಯ. ಶುರುವಿನಲ್ಲಿ ಬೇರೆ ದಾರಿ ಹಿಡಿದು, ಟೆರಾಫಾರ್ಮ್‌ನಿಂದಲೇ ಕೀ ಹುಟ್ಟಿಸಿ ಸರ್ಟಿಫಿಕೇಟ್ ತರಿಸಿ ಎಸಿಎಂಗೆ ಇಂಪೋರ್ಟ್ ಮಾಡಿದ್ದೆ. ಆಮೇಲೆ ಟೆರಾಫಾರ್ಮ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಸ್ಟೇಟ್ ಫೈಲ್ ತೆರೆದು ನೋಡಿದರೆ ಇಡೀ ಕೀ ಅದರಲ್ಲಿ ಬಿಚ್ಚಿ ಬಿದ್ದಿತ್ತು. ಆ ಫೈಲ್ ನಮ್ಮ ಮೂವರ ಲ್ಯಾಪ್‌ಟಾಪ್‌ಗೂ ಬಂದುಹೋಗಿತ್ತು. ಅವತ್ತೇ ಆ ಕೀ ಬಿಟ್ಟುಬಿಟ್ಟೆ. ಎಸಿಎಂನಿಂದಲೇ ಸರ್ಟಿಫಿಕೇಟ್ ತೆಗೆದುಕೊಂಡರೆ ಕೀ ಅಲ್ಲಿಯೇ ಇರುತ್ತದೆ, ಸ್ಟೇಟ್‌ಗೆ ಬರುವುದೇ ಇಲ್ಲ. ಪತ್ತಿನ ಸಂಘದಂಥವರ ಕೆಲಸ ಮಾಡುವವರಿಗೆ ಇದು ದೊಡ್ಡ ಮಾತು.

ಖರ್ಚಿನ ಬಗ್ಗೆ: ಲೋಡ್ ಬ್ಯಾಲೆನ್ಸರ್ ಅಥವಾ ಕ್ಲೌಡ್‌ಫ್ರಂಟ್‌ಗೆ ಹಾಕುವ ಸರ್ಟಿಫಿಕೇಟ್‌ಗೆ ದುಡ್ಡಿಲ್ಲ. ರೂಟ್ 53ರಲ್ಲಿ ಒಂದು ಡೊಮೇನ್‌ಗೆ ತಿಂಗಳಿಗೆ ಅರ್ಧ ಡಾಲರ್. ಲೋಡ್ ಬ್ಯಾಲೆನ್ಸರ್ ಮಾತ್ರ ಗಂಟೆ ಲೆಕ್ಕದಲ್ಲಿ ಬಿಲ್ ಏರಿಸುತ್ತದೆ, ಸಣ್ಣ ಅಂಗಡಿಗೆ ಅದು ಭಾರ. ಒಂದೇ ಸರ್ವರ್, ಒಂದೇ ಸೈಟ್ ಇದ್ದರೆ ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಮತ್ತು ಅದನ್ನು ತಾನೇ ತಂದು ಹಾಕುವ ಸರ್ಟ್‌ಬಾಟ್ ಸಾಕು, ಇಷ್ಟೆಲ್ಲ ಬೇಡ. ಆದರೆ 2025ರ ಜೂನ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್‌ನವರು ನೆನಪಿಸುವ ಮೇಲ್ ಕಳಿಸುವುದನ್ನು ನಿಲ್ಲಿಸಿದ್ದಾರೆ. ಕಾವಲು ನೀವೇ ಇಡಬೇಕು.

2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್ ಲೈಸೆನ್ಸ್ ಬದಲಾಗಿ ಅದು ಓಪನ್ ಸೋರ್ಸ್ ಆಗಿ ಉಳಿಯದೆ ಹೋದಾಗ ಸ್ವಲ್ಪ ಗಾಬರಿಯಾಗಿತ್ತು. ಒಬ್ಬ ಗ್ರಾಹಕರ ಕೋಡ್ ಅನ್ನು ಟೆರಾಫಾರ್ಮ್‌ನಿಂದ ಕವಲೊಡೆದ ಓಪನ್ ಸೋರ್ಸ್ ಸಾಧನವಾದ ಓಪನ್‌ಟೋಫುನಲ್ಲಿ ಓಡಿಸಿ ನೋಡಿದೆ. ಸರ್ಟಿಫಿಕೇಟ್ ಭಾಗದಲ್ಲಿ ಒಂದು ಸಾಲೂ ಬದಲಿಸಬೇಕಾಗಲಿಲ್ಲ.

ಕೈಯಿಂದ ಸರ್ಟಿಫಿಕೇಟ್ ಹಾಕುವವರಿಗೆ ಮುಂದೆ ಕಷ್ಟವಿದೆ. ಬ್ರೌಸರ್ ಕಂಪನಿಗಳು ಮತ್ತು ಸರ್ಟಿಫಿಕೇಟ್ ಕೊಡುವವರು ಸೇರಿ 2025ರ ಏಪ್ರಿಲ್‌ನಲ್ಲಿ ತೀರ್ಮಾನ ಮಾಡಿದ್ದಾರೆ. ಅದರಂತೆ ಒಂದು ಸರ್ಟಿಫಿಕೇಟ್‌ನ ಆಯುಷ್ಯ 2026ರ ಮಾರ್ಚ್ 15ರಿಂದ ಗರಿಷ್ಠ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ನಮ್ಮಲ್ಲಿ ಇನ್ನೂ ಇಬ್ಬರು ಗ್ರಾಹಕರು ಹಳೆಯ ಪದ್ಧತಿಯಲ್ಲೇ ಇದ್ದಾರೆ. 100 ದಿನದ ನಿಯಮ ಬರುವ ಮೊದಲು ಇಬ್ಬರನ್ನೂ ಕೋಡ್‌ಗೆ ತರಬೇಕು. ಒಬ್ಬರದು ಅರ್ಧ ಬರೆದಾಗಿದೆ. ಇನ್ನೊಬ್ಬರ ಡೊಮೇನ್ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆ ಅಂತ ತಿಳಿಯಲು ಈ ವಾರ ಅವರ ಆಫೀಸಿಗೆ ಹೋಗಿ ಹಳೆಯ ರಸೀದಿ ಫೈಲ್‌ಗಳನ್ನು ನೋಡಬೇಕು.