ಬೆಲ್ಲದ ಸಕ್ಕರೆಗೆ ಯಾವ ಕಾಲಂ: ಎಪಾಕ್ಸಿಯೋ, ಗ್ರಾಫ್ಟಿಂಗೋ?

ಮಂಡ್ಯದ ಬೆಲ್ಲದಲ್ಲಿ ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ಎಷ್ಟೆಷ್ಟಿದೆ ಎಂದು ಅಳೆಯಬೇಕೆಂದರೆ ಮೊದಲು ಮೂರನ್ನೂ ಬೇರೆ ಮಾಡಬೇಕು. ಅದಕ್ಕೆ ಬೇಕಾದದ್ದು ಕಾಲಂ, ಅಂದರೆ ರಂಧ್ರಗಳಿರುವ ವಸ್ತು ತುಂಬಿದ ಕೊಳವೆ; ಅದರಲ್ಲಿ ಹರಿಯುವಾಗ ಒಂದೊಂದು ಸಕ್ಕರೆ ಒಂದೊಂದು ಹೊತ್ತು ಹಿಡಿದುಕೊಂಡು ಬೇರೆ ಬೇರೆಯಾಗಿ ಹೊರಬರುತ್ತದೆ. ಮಾಮೂಲಿ ಸ್ಟೈರೀನ್ ಪಾಲಿಮರ್ ಕಾಲಂ ಇವನ್ನು ಹಿಡಿದಿಡುವುದೇ ಇಲ್ಲ, ಸುಮ್ನೆ ಹರಿದು ಹೋಗುತ್ತವೆ. ರಂಧ್ರಗಳ ಗೋಡೆಗೆ ನೀರನ್ನು ಸೆಳೆಯುವ ಗುಂಪು ಕೂರಿಸಬೇಕು. ಆಮೇಲೆ ಅಸಿಟೋನೈಟ್ರೈಲ್ ಎಂಬ ದ್ರಾವಕ ಜಾಸ್ತಿ, ನೀರು ಕಡಿಮೆ ಇರುವ ದ್ರಾವಣ ಹರಿಸಬೇಕು. ಆಗ ಗೋಡೆಯ ಮೇಲೆ ನಿಲ್ಲುವ ನೀರಿನ ಪದರ ಸಕ್ಕರೆಯನ್ನು ಹಿಡಿಯುತ್ತದೆ.

ಕಾಲಂ ತಾವೇ ಮಾಡಿಕೊಳ್ಳುವವರಿಗೆ ಸುಲಭದ ದಾರಿ ಗ್ಲೈಸಿಡಿಲ್ ಮೆಥಾಕ್ರಿಲೇಟ್ ಮಾನೋಲಿತ್ (ಕೊಳವೆಯೊಳಗೆ ಒಂದೇ ತುಂಡಾಗಿ ಗಟ್ಟಿಯಾದ, ರಂಧ್ರಗಳಿರುವ ಪಾಲಿಮರ್). ಅದರಲ್ಲಿ ಬೇರೆ ಗುಂಪು ಕೂರಿಸಲು ಸುಲಭವಾಗಿ ತೆರೆಯುವ ಎಪಾಕ್ಸಿ ಉಂಗುರಗಳು ಸಿದ್ಧವಾಗಿರುತ್ತವೆ. ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲ ಬಿಸಿಯಲ್ಲಿ ಹರಿಸಿದರೆ ಡಯೋಲ್ (ಎರಡು OH ಗುಂಪಿನ) ಕಾಲಂ, ಅಮೀನ್ (ಸಾರಜನಕವಿರುವ ಸಂಯುಕ್ತ) ಹರಿಸಿದರೆ ಅಮೈನೋ ಕಾಲಂ. ಅಮೈನೋ ಕಾಲಂ ಸಕ್ಕರೆಯನ್ನು ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಪ್ರೈಮರಿ ಅಮೀನ್ ಗ್ಲೂಕೋಸ್ ಜೊತೆ ಕೂಡಿ ಷಿಫ್ ಬೇಸ್ ಎಂಬ ಹೊಸ ಸಂಯುಕ್ತವಾಗಬಹುದು. ಅಳೆಯಬೇಕಾದದ್ದೇ ಕಾಲಂಗೆ ಅಂಟಿದರೆ ಏನು ಪ್ರಯೋಜನ? ಡಯೋಲ್‌ನಲ್ಲಿ ಈ ಕಾಟವಿಲ್ಲ, ಹಿಡಿತ ಮಾತ್ರ ಸಡಿಲ.

ಇನ್ನೊಂದು ದಾರಿ ಗ್ರಾಫ್ಟಿಂಗ್. ಧನ, ಋಣ ಎರಡೂ ಚಾರ್ಜ್ ಇರುವ ಸಲ್ಫೋಬೀಟೈನ್ ಸರಪಳಿಗಳನ್ನು ಗೋಡೆಯಿಂದ ಬೆಳೆಸುವುದು. ನೀರಿನ ಪದರ ದಪ್ಪವಾಗುತ್ತದೆ, ಹಿಡಿತ ಬಿಗಿಯಾಗುತ್ತದೆ. ಯುವಿ ಬೆಳಕಿನಿಂದ ಮಾಡುವುದಾದರೆ ಪಾರದರ್ಶಕ ಕ್ಯಾಪಿಲರಿ ಬೇಕು. ಸ್ಟೀಲ್ ಕಾಲಂಗೆ ಇದು ಆಗುವ ಮಾತಲ್ಲ, ಅಲ್ವಾ? ಸ್ಟೈರೀನ್ ಮಾನೋಲಿತ್ ತಾನೇ ಯುವಿ ಹೀರುತ್ತದೆ, ಅದಕ್ಕೆ ಶಾಖದಿಂದಲೇ ಗ್ರಾಫ್ಟ್ ಮಾಡಬೇಕು. ಸರಪಳಿ ಅತಿಯಾದರೆ ರಂಧ್ರ ಕಟ್ಟಿ ಒತ್ತಡ ಏರುತ್ತದೆ.

ಹೈಪರ್‌ಕ್ರಾಸ್‌ಲಿಂಕಿಂಗ್ ಕೂಡ ಇದೆ, ಅಂದರೆ ಪಾಲಿಮರ್ ಸರಪಳಿಗಳ ನಡುವೆ ಇನ್ನಷ್ಟು ಕೊಂಡಿ ಹಾಕುವುದು. ಮೇಲ್ಮೈ ಗ್ರಾಂಗೆ ನೂರಾರು ಚದರ ಮೀಟರ್‌ಗೆ ಏರುತ್ತದೆ. ಸಣ್ಣ ಅಣುಗಳಿಗೆ ಒಳ್ಳೆಯದೇ, ಆದರೆ ಕೆಲಸ ಜಾಸ್ತಿ.

ಬೆಲ್ಲಕ್ಕೆ ನಾನಾದರೆ ಡಯೋಲ್‌ನಿಂದ ಶುರು ಮಾಡುತ್ತೇನೆ. ಗ್ಲೂಕೋಸ್, ಫ್ರಕ್ಟೋಸ್ ಬೇರೆಯಾಗದಿದ್ದರೆ ಮಾತ್ರ ಸಲ್ಫೋಬೀಟೈನ್.