ಟೆಂಟು ಬಾಡಿಗೆಗೆ ತನ್ನಿ, ಕಾರ್ಟ್ರಿಜ್ ಹೊಸದೇ ಕೊಳ್ಳಿ: ಪುಣೆಯ ‘ಜ್ವಾಲಾಮುಖಿ ಕಿಟ್’ ಹೇಗಿದೆ?

ಸಹ್ಯಾದ್ರಿಯಲ್ಲಿ ಮಳೆ ಧೋ ಎಂದು ಸುರಿಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಡೋನೇಷ್ಯಾದ ಲೊಂಬೊಕ್ ದ್ವೀಪದಲ್ಲಿ ಒಣಹವೆ. ಹಾಗಾಗಿ ಪುಣೆಯ ನಮ್ಮ ಕನ್ನಡಿಗ ಚಾರಣಿಗರಿಗೆ ಆ ತಿಂಗಳುಗಳಲ್ಲಿ ಅಲ್ಲಿನ ರಿಂಜಾನಿ, ಜಾವಾದ ಇಜೆನ್ ಜ್ವಾಲಾಮುಖಿಗಳ ಕಡೆ ಹೋಗುವ ಆಸೆ ಸಹಜ. ಪೇಟೆ ಭಾಗದ ಬಾಡಿಗೆ ಅಂಗಡಿಯೊಂದು ಇದಕ್ಕೆಂದೇ ಒಂದು ಕಿಟ್ ಕಟ್ಟಿಕೊಡುತ್ತಿದೆ: ಇಬ್ಬರ ಟೆಂಟು, ಸ್ಲೀಪಿಂಗ್ ಬ್ಯಾಗು, ಹೆಲ್ಮೆಟ್, ಕನ್ನಡಕ, ಅರ್ಧಮುಖದ ಮಾಸ್ಕು, ಒಲೆ, ಹೆಡ್‌ಲ್ಯಾಂಪ್. ಚಳಿಗೂ ಗಾಳಿಗೂ ಈ ಕಿಟ್ ಸಾಕು. ಉಸಿರಿನ ವಿಷಯಕ್ಕೆ ಬಂದರೆ ಸಾಲದು.

ಮೊದಲು ಮಾಸ್ಕು. ರಬ್ಬರಿನ ಮುಖಭಾಗ ಮೆತ್ತಗಿದೆ, ಪಟ್ಟಿಗಳು ಗಟ್ಟಿಯಾಗಿವೆ. ತಪ್ಪಿರುವುದು ಇಕ್ಕೆಲದಲ್ಲಿ ಗಾಳಿ ಸೋಸುವ ಕಾರ್ಟ್ರಿಜ್‌ಗಳಲ್ಲಿ. ಅವುಗಳ ಮೇಲಿರುವುದು ಕಂದು ಪಟ್ಟಿ, ಎ ಅಕ್ಷರ. ಯುರೋಪಿನ ಗುರುತಿನ ಪ್ರಕಾರ ಅದು ಪೇಂಟು, ಥಿನ್ನರ್‌ನಂಥ ಸಾವಯವ ಆವಿಗೆ. ಜ್ವಾಲಾಮುಖಿಯ ಕುಳಿಯಿಂದ ಏಳುವುದು ಸಲ್ಫರ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್. ಮೊದಲನೆಯದಕ್ಕೆ ಹಳದಿ ಪಟ್ಟಿಯ ಇ ಬೇಕು, ಎರಡನೆಯದಕ್ಕೆ ಬೂದು ಪಟ್ಟಿಯ ಬಿ. ಬೂದಿಯ ಧೂಳಿಗೆ ಬಿಳಿ ಪಟ್ಟಿಯ ಪಿ3. ಎಬಿಇಕೆ1ಪಿ3 ಎಂದು ಅಚ್ಚಾಗಿದ್ದರೆ ಎಲ್ಲವೂ ಒಂದರಲ್ಲೇ ಸಿಕ್ಕಂತೆ. ಅಮೆರಿಕದ ಗುರುತು ಬೇರೆಯೇ. ಅಲ್ಲಿ ಬಿಳಿ ಎಂದರೆ ಸಲ್ಫರ್ ಡೈಆಕ್ಸೈಡ್‌ನಂಥ ಆಮ್ಲೀಯ ಅನಿಲ, ಕಪ್ಪು ಎಂದರೆ ಸಾವಯವ ಆವಿ, ಧೂಳಿನ ಪಿ100ಕ್ಕೆ ಮಜೆಂಟಾ. ಯುರೋಪಿನ ಬಿಳಿ ಧೂಳನ್ನಷ್ಟೇ ತಡೆಯುತ್ತದೆ. ಆದ್ದರಿಂದ ಬಣ್ಣ ನೋಡಿ ಸುಮ್ಮನಾಗದೆ, ಯಾವ ಅನಿಲಕ್ಕೆಂದು ಮೈಮೇಲೆ ಅಚ್ಚಾಗಿರುವುದನ್ನು ಓದಿ.

ಇನ್ನೊಂದು ತೊಂದರೆ, ಕಾರ್ಟ್ರಿಜ್‌ನ ಪೊಟ್ಟಣ ಎಂದು ಒಡೆದದ್ದು ಎಂಬುದು ಎಲ್ಲೂ ಬರೆದಿಲ್ಲ. ಒಳಗಿನ ಇದ್ದಿಲು ತೆರೆದಿಟ್ಟಷ್ಟೂ ಗಾಳಿಯ ತೇವ, ಆವಿ ಹೀರಿಕೊಂಡು ಕೈಕೊಡುತ್ತದೆ. ಪುಣೆಯ ಮಳೆಗಾಲವನ್ನು ಕಪಾಟಿನಲ್ಲಿ ಕಳೆದ ಕಾರ್ಟ್ರಿಜ್ ನಂಬುವಂಥದ್ದಲ್ಲ. ಭೋಸರಿ, ಚಿಂಚ್‌ವಡ್ ಕಡೆ ಕಾರ್ಖಾನೆಗಳಿಗೆ ಸುರಕ್ಷತಾ ಸಾಮಗ್ರಿ ಮಾರುವವರಲ್ಲಿ ಮೊಹರು ಒಡೆಯದ ಜೋಡಿ ಕೇಳಿ. ಮಾಸ್ಕನ್ನೂ ಜೊತೆಗೆ ಒಯ್ಯಿರಿ. ಒಂದು ಕಂಪನಿಯ ಕಾರ್ಟ್ರಿಜ್ ಇನ್ನೊಂದರ ಮಾಸ್ಕಿಗೆ ಸಾಮಾನ್ಯವಾಗಿ ಕೂರುವುದಿಲ್ಲ.

ಉಸಿರು ಬಿಡುವ ಕವಾಟವನ್ನು ಅಂಗಡಿಯಲ್ಲೇ ಬಿಚ್ಚಿ ನೋಡಿ. ಒಳಗೆ ರೂಪಾಯಿ ನಾಣ್ಯದಷ್ಟು ಅಗಲದ ತೆಳು ರಬ್ಬರ್ ಬಿಲ್ಲೆ ಇರುತ್ತದೆ. ಈ ಅಂಗಡಿಯ ಒಂದು ಮಾಸ್ಕಿನಲ್ಲಿ ಬಿಲ್ಲೆಯ ಅಂಚು ಹಪ್ಪಳದ ಹಾಗೆ ಮೇಲಕ್ಕೆ ಸುರುಳಿಗೊಂಡಿತ್ತು. ಉಸಿರೆಳೆದಾಗ ಹೊರಗಾಳಿ ಸೋಸದೆ ನೇರ ಒಳಬರಲು ಅಷ್ಟೇ ಸಂದು ಸಾಕು. ಮಾಸ್ಕು ಹಾಕಿಕೊಂಡು ಎರಡೂ ಕಾರ್ಟ್ರಿಜ್‌ಗಳ ಬಾಯಿಯನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆಯಿರಿ. ಮಾಸ್ಕು ಕೆನ್ನೆಗೆ ಅಂಟಿ ಹತ್ತು ಸೆಕೆಂಡು ಹಾಗೇ ನಿಲ್ಲಬೇಕು. ಗಡ್ಡವಿದ್ದರೆ ನಿಲ್ಲುವುದಿಲ್ಲ, ಎರಡು ದಿನದ ಕುರುಚಲು ಕೂಡ ದಾರಿ ಬಿಡುತ್ತದೆ. ಸಿಂಹಗಡವನ್ನು ಒಮ್ಮೆ ಮಾಸ್ಕು ಹಾಕಿಯೇ ಹತ್ತಿದರೆ ಏರಿನಲ್ಲಿ ಉಸಿರಾಟ ಎಷ್ಟು ಭಾರವಾಗುತ್ತದೆ ಎಂಬ ಅಂದಾಜು ಸಿಗುತ್ತದೆ.

ಕೊಳೆತ ಮೊಟ್ಟೆಯ ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಳ್ಳಬೇಡಿ. ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಏರಿದಾಗ ಅದನ್ನು ಗುರುತಿಸುವ ಶಕ್ತಿಯನ್ನೇ ಮೂಗು ಕಳೆದುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡನ್ನಂತೂ ಯಾವ ಕಾರ್ಟ್ರಿಜ್ಜೂ ತಡೆಯದು. ವಾಸನೆಯಿಲ್ಲದ ಈ ಅನಿಲ ಗಾಳಿಗಿಂತ ಭಾರ, ರಾತ್ರಿ ಗಾಳಿ ನಿಂತಾಗ ತಗ್ಗಿನಲ್ಲಿ ನೀರಿನ ಹಾಗೆ ತುಂಬಿಕೊಳ್ಳುತ್ತದೆ. 1979ರಲ್ಲಿ ಜಾವಾದ ಡಿಯೆಂಗ್ ಪ್ರಸ್ಥಭೂಮಿಯಲ್ಲಿ ಹೀಗೆ 140ಕ್ಕೂ ಹೆಚ್ಚು ಜನ ಸತ್ತರು. ಗಾಳಿಗೆ ಮರೆಯೆಂದು ಹಳ್ಳದಲ್ಲಿ ಟೆಂಟು ಹಾಕುವುದು ಸಹ್ಯಾದ್ರಿಯಲ್ಲಿ ಕಲಿತ ಅಭ್ಯಾಸ. ಅದನ್ನು ಇಲ್ಲೇ ಬಿಟ್ಟು ಹೋಗಿ. ದಿಬ್ಬದ ಮೇಲೆ, ಗಾಳಿ ಬೀಸಿಬರುವ ಬದಿಯಲ್ಲಿ ಹಾಕಿ. ಹೊಳೆಪಾತ್ರವೂ ಬೇಡ, ಮೇಲೆಲ್ಲೋ ಮಳೆಯಾದರೆ ಬೂದಿ ಬೆರೆತ ಕೆಸರು ಅದೇ ದಾರಿಯಲ್ಲಿ ನುಗ್ಗುತ್ತದೆ.

ಟೆಂಟು ಚೆನ್ನಾಗಿದೆ, ಎರಡು ಪದರ, ಅಲ್ಯೂಮಿನಿಯಂ ಕಂಬಿ. ಗೂಟಗಳು ಮಾತ್ರ ತೆಳು ತಂತಿಯವು. ನಮ್ಮ ಗಟ್ಟಿ ಮಣ್ಣಿಗೆ ಸರಿ, ಸಡಿಲ ಬೂದಿನೆಲದಲ್ಲಿ ಎಳೆದರೆ ಕೈಗೇ ಬರುತ್ತವೆ. ನಾಲ್ಕೈದು ಖಾಲಿ ಬಟ್ಟೆಚೀಲ ಒಯ್ದು, ಮರಳು ತುಂಬಿ, ಹಗ್ಗ ಕಟ್ಟಿ ಒಂದಡಿ ಆಳಕ್ಕೆ ಹೂಳಿ. ಬೂದಿ ಬಿದ್ದರೆ ಏಳುವ ಪ್ರಶ್ನೆ ತೂಕದ್ದು: ಒಂದು ಸೆಂಟಿಮೀಟರ್ ಒಣಬೂದಿ ಚದರ ಮೀಟರಿಗೆ ಸುಮಾರು 4ರಿಂದ 7 ಕಿಲೋ, ನೆನೆದರೆ 10 ಕಿಲೋಗೂ ಮೇಲೆ. ಮೂರು ಚದರ ಮೀಟರಿನ ಚಾವಣಿಯ ಮೇಲೆ ಅದು 30 ಕಿಲೋ ದಾಟುತ್ತದೆ. ಕಂಬಿ ಬಾಗುವವರೆಗೆ ಕಾಯದೆ ಒಳಗಿನಿಂದ ತಟ್ಟಿ ಉದುರಿಸಿ, ಇಳಿಯುವ ತಯಾರಿ ನಡೆಸಿ.

ಸ್ಲೀಪಿಂಗ್ ಬ್ಯಾಗಿಗೆ ಪೂರ್ತಿ ಅಂಕ. ಕನ್ನಡಕಕ್ಕೆ ಗಾಳಿರಂಧ್ರಗಳಿವೆ, ಬೂದಿಗೆ ಅದು ಆಗದು. ಬೂದಿಯೆಂದರೆ ಪುಡಿಯಾದ ಕಲ್ಲು, ಗಾಜು. ಕಾಂಟ್ಯಾಕ್ಟ್ ಲೆನ್ಸ್ ಮನೆಯಲ್ಲಿರಲಿ. ಹೆಲ್ಮೆಟ್ ಎಂದು ಕೊಟ್ಟಿರುವುದು ಸೈಕಲ್ಲಿನದು, ಬೆರಳು ತೂರುವಷ್ಟು ತೂತು. ಪರ್ವತಾರೋಹಣದ್ದನ್ನು ಕೇಳಿ ಪಡೆಯಿರಿ. ಒಲೆ ಚೆನ್ನಾಗಿದೆ, ಆದರೆ ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯುವಂತಿಲ್ಲ. ಇಂಡೋನೇಷ್ಯಾದಲ್ಲಿ ಹೆಚ್ಚಾಗಿ ಸಿಗುವುದು ಉದ್ದನೆಯ ಬ್ಯೂಟೇನ್ ಡಬ್ಬಿ, ಈ ಒಲೆಯದು ತಿರುಪಿನ ಬಾಯಿ. ಅಡಾಪ್ಟರ್ ಕಿಟ್‌ನಲ್ಲಿಲ್ಲ.

ಅಂಗಡಿಯ ಹುಡುಗರು ವಿನಯವಂತರು, ಬಿಚ್ಚಿ ತೋರಿಸಲು ಬೇಸರಪಡುವುದಿಲ್ಲ. ಆದರೆ ಯಾವ ಬೆಟ್ಟ, ಈಗ ಅದರ ಎಚ್ಚರಿಕೆಯ ಮಟ್ಟ ಎಷ್ಟು ಎಂದು ಕೇಳುವುದಿಲ್ಲ. ಇಂಥ ಸಾಮಾನು ಕೊಡುವವರು ಕೇಳಲೇಬೇಕಾದ ಮಾತದು. ಇಂಡೋನೇಷ್ಯಾದಲ್ಲಿ ಕೆಳಗಿನಿಂದ ಮೇಲಕ್ಕೆ ನಾಲ್ಕು ಮಟ್ಟಗಳಿವೆ: ನಾರ್ಮಲ್, ವಾಸ್ಪಾದ, ಸಿಯಾಗ, ಆವಾಸ್. ಅಲ್ಲಿನ ಸರ್ಕಾರದ ಮಾಗ್ಮಾ ಇಂಡೋನೇಷ್ಯಾ ಜಾಲತಾಣದಲ್ಲಿ ಪ್ರತಿ ಬೆಟ್ಟದ ಮಟ್ಟವೂ, ಕುಳಿಯಿಂದ ಎಷ್ಟು ದೂರ ಇರಬೇಕೆಂಬುದೂ ಇರುತ್ತದೆ. ಸುಮಾತ್ರಾದ ಮರಾಪಿ 2023ರ ಡಿಸೆಂಬರ್ 3ರಂದು ಸಿಡಿದಾಗ ಅದು ಎರಡನೇ ಮಟ್ಟದಲ್ಲಿತ್ತು, ಮೂರು ಕಿಲೋಮೀಟರ್ ದೂರವಿರಿ ಎಂಬ ಸೂಚನೆಯಿತ್ತು. ಆದರೂ ಚಾರಣಿಗರು ಮೇಲಿದ್ದರು. 24 ಜನ ಸತ್ತರು. ಜಪಾನಿನ ಒಂಟಾಕೆ 2014ರಲ್ಲಿ ಅತಿ ಕೆಳಗಿನ ಮಟ್ಟದಲ್ಲಿದ್ದಾಗಲೇ ಸಿಡಿದು 63 ಜನ ಸತ್ತರು ಇಲ್ಲವೇ ಕಾಣೆಯಾದರು. ಆದ್ದರಿಂದ ಹೊರಡುವ ದಿನವೂ, ಮಲಗುವ ಮುನ್ನವೂ ಮಟ್ಟ ನೋಡಿ. ಅದು ಕಡಿಮೆ ಇದ್ದರೂ ಕುಳಿಯ ಅಂಚಿನಲ್ಲಿ ಫೋಟೊ ತೆಗೆದು ಬೇಗ ಹಿಂದೆ ಸರಿಯಿರಿ. ಊಟ, ವಿಶ್ರಾಂತಿ ದೂರದಲ್ಲಿ.

ಹಿಂತಿರುಗಿಸುವಾಗ ಜಿಪ್ ಸಿಕ್ಕಿಕೊಂಡಿದ್ದರೆ ಠೇವಣಿಯಲ್ಲಿ ಹಿಡಿಯುತ್ತಾರೆ. ಒಣಬಟ್ಟೆಯಿಂದ ಉಜ್ಜಬೇಡಿ, ಬೂದಿ ಮರಳುಕಾಗದದ ಹಾಗೆ ಹಲ್ಲುಗಳನ್ನು ತೇಯುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಕೊಡವಿ, ಧಾರಾಳ ನೀರು ಹಾಯಿಸಿ, ನೆರಳಲ್ಲಿ ಆರಿಸಿ.